ನವಿಲು ಹೆಚ್ಚಿದರೆ ಏನಾಗುತ್ತದೆ?

ಮುಂಗಾರಿನ ಮೊದಲ ಮೋಡಗಳು ಕವಿಯುವ ಹೊತ್ತಿಗೆ ಹಳಿಯಾಳದ ಹೊಲಗಳ ಬದುವಿನಲ್ಲಿ, ಮುಂಡಗೋಡದ ಕಾಡಂಚಿನಲ್ಲಿ ನವಿಲಿನ ಕೇಕೆ ಕೇಳಿಬರುತ್ತದೆ. ಕವಿಗೆ ಅದು ಹಿಗ್ಗಿನ ಕೂಗು. ಆಗತಾನೆ ಬೀಜ ಬಿತ್ತಿ ಮನೆಗೆ ಬಂದ ರೈತನಿಗಾದರೋ, ಮೊಳಕೆಯನ್ನು ಕುಕ್ಕುವ ಹಕ್ಕಿ ಬಂದಿತೆಂಬ ಎಚ್ಚರಿಕೆ. ನಮ್ಮ ನೆಲದ್ದೇ ಆದ ಹಕ್ಕಿಯೊಂದು ಹೆಚ್ಚಿ ಹೊಸ ಜಾಗಗಳಿಗೆ ಹರಡಿದರೆ ಏನಾಗುತ್ತದೆಂಬುದನ್ನು ಇಲ್ಲಿ ವಿಚಾರ ಮಾಡೋಣ.

ನೆಲದ ಮೇಲಿನ ಬಾಳು

ನವಿಲು ಕೋಳಿಯ ಕುಟುಂಬಕ್ಕೆ ಸೇರಿದ ಹಕ್ಕಿ. ಗಂಡಿನ ತೂಕ 4ರಿಂದ 6 ಕಿಲೋಗ್ರಾಂ. ಇದು ಹಾರಲಾರದ ಹಕ್ಕಿಯಲ್ಲ. ಅಪಾಯ ಬಂದಾಗ ರೆಕ್ಕೆ ಬಡಿದು ಮರವೇರುತ್ತದೆ, ರಾತ್ರಿ ಎತ್ತರದ ಕೊಂಬೆಯಲ್ಲಿ ತಂಗುತ್ತದೆ. ಆದರೆ ಇಷ್ಟು ಭಾರದ ಮೈಗೆ ದೂರದ ಹಾರಾಟ ಒಗ್ಗದು. ಹಗಲೆಲ್ಲ ಅದರ ಬದುಕು ನೆಲದ ಮೇಲೆಯೇ. ಗೂಡೂ ಅಷ್ಟೆ: ಪೊದೆಯ ಮರೆಯಲ್ಲಿ ನೆಲವನ್ನು ಕೆದರಿ ತಗ್ಗು ಮಾಡಿ, ಹೆಣ್ಣು ಸಾಮಾನ್ಯವಾಗಿ 4ರಿಂದ 8 ಮೊಟ್ಟೆಗಳನ್ನಿಡುತ್ತದೆ. ಕಾಳು, ಚಿಗುರು, ಹಣ್ಣು, ಗೆದ್ದಲು, ಮಿಡತೆ, ಓತಿ, ಸಣ್ಣ ಹಾವು—ಯಾವುದನ್ನೂ ಅದು ಬಿಡುವುದಿಲ್ಲ.

ನಡೆದು ಮೇಯುವ ಈ ಹಕ್ಕಿಗೆ ದಟ್ಟವಾದ ಅಡವಿಗಿಂತ ಬಯಲು, ಕುರುಚಲು, ಹೊಲ ಮತ್ತು ನೀರು ಒಂದೆಡೆ ಕೂಡಿದ ನೆಲವೇ ಹಿತ. ಹಳಿಯಾಳ, ಮುಂಡಗೋಡಗಳ ಎಲೆಯುದುರುವ ಕಾಡು, ಅದರ ಮಗ್ಗುಲಿನ ಭತ್ತ ಮತ್ತು ಮೆಕ್ಕೆಜೋಳದ ಹೊಲ, ನಡುವೆ ಕೆರೆ—ಇವೆಲ್ಲ ನವಿಲಿಗೆ ಹೇಳಿ ಮಾಡಿಸಿದಂತಿವೆ. ದಾಂಡೇಲಿಯನ್ನು ದಾಟಿ ಪಡುವಲಿಗೆ ಜೋಯಿಡಾದ ಘಟ್ಟಗಳನ್ನು ಸೇರಿದರೆ ಮಳೆ ಹೆಚ್ಚುತ್ತದೆ, ಕಾಡು ನಿತ್ಯಹಸುರಾಗುತ್ತದೆ. ಅಲ್ಲಿ ಹೆಸರಾದ ಹಕ್ಕಿ, ಮರದ ಮೇಲೆಯೇ ಬಾಳುವ ಮಂಗಟ್ಟೆ.

ಹರಡಿದ ಬಗೆ

1933ರಲ್ಲಿ ಸಲೀಂ ಅಲಿಯವರು ತಿರುವಾಂಕೂರು ಮತ್ತು ಕೊಚ್ಚಿ ಸಂಸ್ಥಾನಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ನವಿಲು ಕಂಡುಬಂದಿರಲಿಲ್ಲ. ಇಂದು ಕೇರಳದ ಪ್ರತಿಯೊಂದು ಜಿಲ್ಲೆಯಲ್ಲಿಯೂ ನವಿಲುಂಟು. ಭಾರತದ ಹಕ್ಕಿಗಳ ಸ್ಥಿತಿಯನ್ನು ಕುರಿತು 2023ರಲ್ಲಿ ಪ್ರಕಟವಾದ ವರದಿಯು, ನವಿಲು ಬಹಳ ಹೆಚ್ಚಿರುವ ಹಕ್ಕಿಗಳಲ್ಲೊಂದೆಂದೂ, ಹಿಂದೆ ಇರದಿದ್ದ ಹಿಮಾಲಯದ ಎತ್ತರಗಳಿಗೂ ಪಶ್ಚಿಮಘಟ್ಟದ ಮಳೆಕಾಡುಗಳಿಗೂ ಹಬ್ಬಿದೆಯೆಂದೂ ಹೇಳಿತು.

ಇದಕ್ಕೆ ಕಾರಣಗಳು ಹಲವು. 1963ರಲ್ಲಿ ನವಿಲು ರಾಷ್ಟ್ರಪಕ್ಷಿಯಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದಕ್ಕೆ ಅತ್ಯುನ್ನತ ರಕ್ಷಣೆ ನೀಡಿತು. ಷಣ್ಮುಖನ ವಾಹನವೆಂಬ ಭಕ್ತಿ ಮೊದಲೇ ಇದ್ದಿತು. ಕಾಡು ತೆಳುವಾಗಿ ಬೆಳಕು ನೆಲಕ್ಕಿಳಿದಲ್ಲಿ, ನೀರಾವರಿಯಿಂದ ಕಾಳು ವರ್ಷವಿಡೀ ಸಿಗುವಲ್ಲಿ, ನವಿಲಿಗೆ ಹೊಸ ದಾರಿ ತೆರೆಯುತ್ತದೆ. ಹೀಗಾಗಿ ಮಳೆನಾಡಿನಲ್ಲಿ ನವಿಲು ಕಾಣುವುದನ್ನು ನೆಲ ಒಣಗುತ್ತಿರುವುದರ ಸೂಚನೆಯೆಂದು ಭಾವಿಸುವ ವಿಜ್ಞಾನಿಗಳೂ ಇದ್ದಾರೆ.

ದ್ವೀಪಗಳು ಕಲಿಸಿದ ಪಾಠ

ನ್ಯೂಜಿಲೆಂಡಿನಲ್ಲಿ ವೇಕಾ ಎಂಬ ಹಾರಲಾರದ ಹಕ್ಕಿಯೊಂದಿದೆ. ಅದು ಆ ದೇಶದ್ದೇ ಆದ, ಕಾಯಿದೆಯ ರಕ್ಷಣೆ ಪಡೆದ ಹಕ್ಕಿ. ಕೆಲವು ಕಡೆ ಅದರ ಸಂತತಿ ಕ್ಷೀಣಿಸಿಯೂ ಇದೆ. ಆದರೆ ಮನುಷ್ಯರು ಅದನ್ನು ಕೊಂಡೊಯ್ದು ಬಿಟ್ಟ ದ್ವೀಪಗಳಲ್ಲಿ ನಡೆದುದೇ ಬೇರೆ. ಅಲ್ಲಿ ಬಿಲಗಳಲ್ಲಿ ಗೂಡು ಮಾಡುವ ಕಡಲಹಕ್ಕಿಗಳ ಮೊಟ್ಟೆಮರಿಗಳನ್ನು ವೇಕಾ ತಿಂದುಹಾಕಿತು. 19ನೆಯ ಶತಮಾನದಲ್ಲಿ ಸೀಲುಬೇಟೆಯವರು ಮ್ಯಾಕ್ವಾರಿ ದ್ವೀಪಕ್ಕೆ ಇದನ್ನು ತಂದರು. ಅಲ್ಲಿ ಬೆಕ್ಕುಗಳೊಡನೆ ಇದೂ ಹಾವಳಿಯೆಬ್ಬಿಸಿತು; ಕೊನೆಗೆ 1980ರ ದಶಕದಲ್ಲಿ ಅದನ್ನು ಅಲ್ಲಿಂದ ಪೂರ್ತಿಯಾಗಿ ತೆಗೆಯಬೇಕಾಯಿತು. ಒಂದು ಜೀವಿ ‘ನಮ್ಮದು’ ಎಂದ ಮಾತ್ರಕ್ಕೆ ಅದು ಎಲ್ಲೆಡೆಯೂ ನಿರುಪದ್ರವಿಯಲ್ಲ. ಅದು ಎಲ್ಲಿದೆ, ಅದನ್ನು ತಡೆಯುವವರು ಯಾರು ಎಂಬುದೇ ಮುಖ್ಯ.

ನಮ್ಮ ಸೀಮೆಯು ದ್ವೀಪವಲ್ಲ. ಇಲ್ಲಿ ನವಿಲನ್ನು ಹಿಡಿಯುವ ಚಿರತೆಯುಂಟು, ಮೊಟ್ಟೆಮರಿಗಳನ್ನು ಕದಿಯುವ ನರಿ, ಮುಂಗುಸಿಗಳುಂಟು. ಇವು ಇರುವವರೆಗೆ ತಕ್ಕಡಿ ಒಂದೇ ಕಡೆಗೆ ವಾಲುವುದಿಲ್ಲ. ಇವು ಇಲ್ಲವಾದಲ್ಲಿ, ಹೊಲಗಳೇ ಉಗ್ರಾಣವಾದಲ್ಲಿ, ಪೆಟ್ಟು ಬೀಳುವುದು ರೈತನಿಗೆ. ಕಣ್ಣಿಗೆ ಬೀಳದಂತೆ ಓತಿ, ಹಾವುಗಳಿಗೂ ಬೀಳಬಹುದು. ಜೋಯಿಡಾದ ನೆರೆಯ ಗೋವೆಯಲ್ಲಿ 2016ರಲ್ಲಿ ನವಿಲನ್ನು ಬೆಳೆಗೆ ಕೇಡಿನ ಪ್ರಾಣಿಗಳ ಸಾಲಿಗೆ ಸೇರಿಸುವ ಮಾತೆದ್ದು, ಬಲವಾದ ವಿರೋಧವೂ ಹುಟ್ಟಿತು. ರೈತನ ನಷ್ಟ ಸುಳ್ಳಲ್ಲ. ಆದರೆ ಕೊಲ್ಲುವುದೊಂದೇ ಉತ್ತರವೂ ಅಲ್ಲ. ವಿಷವಿಕ್ಕಿದ ಕಾಳು ನವಿಲಿನ ಜೊತೆಗೆ ಗೌಜಲು, ಪಾರಿವಾಳಗಳನ್ನೂ ಕೊಲ್ಲುತ್ತದೆ. ಬಿತ್ತನೆಯ ಮೊದಲ ದಿನಗಳಲ್ಲಿ ಕಾವಲು, ಬೆಳೆಗೆ ಬಲೆಯ ಮರೆ, ನಷ್ಟಕ್ಕೆ ನ್ಯಾಯವಾದ ಪರಿಹಾರ, ಉಳಿದಿರುವ ಕಾಡಿನ ನೆರಳನ್ನು ಕಾಯುವುದು—ಇವು ನಿಧಾನದ ದಾರಿಗಳಾದರೂ ಬಾಳುವ ದಾರಿಗಳು.

ಇದಕ್ಕೆಲ್ಲ ಮೊದಲು ಬೇಕಾದುದು ಸರಿಯಾದ ಲೆಕ್ಕ. ವಿದ್ಯಾರ್ಥಿಗಳು ಇದರಲ್ಲಿ ನೆರವಾಗಬಲ್ಲರು. ನಿಮ್ಮ ಊರಿನ ಒಂದೇ ದಾರಿಯಲ್ಲಿ, ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ ನಡೆದು, ಕಂಡ ನವಿಲುಗಳೆಷ್ಟು, ಹೊಲದಲ್ಲಿದ್ದ ಬೆಳೆ ಯಾವುದು ಎಂದು ಬರೆದಿಡಿರಿ. ಕಾಣದ ದಿನವನ್ನೂ ಬರೆಯಲು ಮರೆಯಬೇಡಿರಿ. ಹತ್ತು ವರ್ಷಗಳ ಅಂಥ ಟಿಪ್ಪಣಿಯಿದ್ದರೆ, ಹಕ್ಕಿಯ ಪರವಾಗಿ ನುಡಿಯುವವರೂ ರೈತನ ಪರವಾಗಿ ನುಡಿಯುವವರೂ ಒಂದೇ ಪುಟವನ್ನು ಮುಂದಿಟ್ಟುಕೊಂಡು ಮಾತನಾಡಬಹುದು.