ಮೂಸಿ ದಂಡೆಯ ಪುಸ್ತಕದ ಮನೆ

ಬೀದರಿನಿಂದಲೋ ಕಲಬುರ್ಗಿಯಿಂದಲೋ ಬಸ್ಸು ಹತ್ತಿ ಬಂದವರು ಮಹಾತ್ಮಾ ಗಾಂಧಿ ನಿಲ್ದಾಣದಲ್ಲಿ ಇಳಿದು, ಕೈಯಲ್ಲಿ ಚೀಲ, ಜೇಬಿನಲ್ಲಿ ವಿಳಾಸದ ಚೀಟಿ ಹಿಡಿದು ಅಫ್ಜಲ್‌ಗಂಜಿನ ಗದ್ದಲದೊಳಗೆ ಬೀಳುತ್ತಾರೆ. ಅಲ್ಲಿಯೇ ಸಮೀಪದಲ್ಲಿ ಎತ್ತರದ ಕಮಾನಿನ ದೊಡ್ಡ ಕಟ್ಟಡವೊಂದಿದೆ. ನಮ್ಮಲ್ಲಿ ಅನೇಕರು ಅದನ್ನು ನೂರು ಸಲ ನೋಡಿದ್ದೇವೆ. ಅರಮನೆಯೋ ಕಚೇರಿಯೋ ಇರಬೇಕೆಂದು ದಾಟಿ ಹೋಗಿದ್ದೇವೆ. ಈಚೆಗೆ ನಮ್ಮ ವಾಚನಾಲಯದ ಗೆಳೆಯರೊಬ್ಬರು, “ನಮ್ಮಂಥವರನ್ನು ಅದರೊಳಗೆ ಬಿಡುತ್ತಾರೆಯೆ?” ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರವಾಗಿ ಈ ಲೇಖನ.

ಅದು ರಾಜ್ಯ ಕೇಂದ್ರ ಗ್ರಂಥಾಲಯ. ಹಳಬರ ಬಾಯಲ್ಲಿ ಅದು ಇನ್ನೂ ಆಸಫಿಯಾ. 1891ರಲ್ಲಿ, ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಆಳ್ವಿಕೆಯಲ್ಲಿ, ಸೈಯದ್ ಹುಸೇನ್ ಬಿಲ್ಗ್ರಾಮಿಯವರ ಪ್ರಯತ್ನದಿಂದ ಈ ಗ್ರಂಥಭಂಡಾರ ಸ್ಥಾಪಿತವಾಯಿತು. ಆಸಫ್ ಜಾಹಿ ಮನೆತನದಿಂದಲೇ ಅದರ ಹೆಸರು. ಈಗಿನ ಕಟ್ಟಡಕ್ಕೆ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಕಾಲದಲ್ಲಿ, 1932ರಲ್ಲಿ, ಅಡಿಗಲ್ಲು ಬಿದ್ದಿತು. 1936ರಲ್ಲಿ ಪುಸ್ತಕಗಳು ಈ ಹೊಸ ಮನೆ ಸೇರಿದವು.

ಪುಸ್ತಕಕ್ಕೆ ನೀರೆಂದರೆ ಶತ್ರು. ಹಾಗಿದ್ದ ಮೇಲೆ ನದಿಯ ದಂಡೆಯಲ್ಲಿ ಗ್ರಂಥಾಲಯವೇಕೆ ಎಂದು ಯಾರಿಗಾದರೂ ತೋರಬಹುದು. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಬಂದಾಗ ಅಫ್ಜಲ್‌ಗಂಜ್ ಮುಳುಗಿತ್ತು; ಸಾವಿರಾರು ಜನ ಪ್ರಾಣ ಕಳೆದುಕೊಂಡರು. ಆಗ ಉಪಾಯ ಹೇಳಲು ನಿಜಾಮ ಸರ್ಕಾರ ಕರೆಸಿದ್ದು ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. 1909ರಲ್ಲಿ ಇಲ್ಲಿಗೆ ಬಂದ ಅವರು, ನೀರನ್ನು ಊರಿನಲ್ಲಿ ತಡೆಯಲಾಗದು, ಊರಿನ ಮೇಲುಗಡೆಯೇ ಕಟ್ಟಿ ನಿಲ್ಲಿಸಬೇಕು ಎಂಬ ಯೋಜನೆ ಕೊಟ್ಟರು. ಅದರ ಫಲವಾಗಿ ಮೂಸಿಗೆ ಉಸ್ಮಾನ್ ಸಾಗರ 1920ರಲ್ಲಿ, ಅದರ ಉಪನದಿ ಈಸಿಗೆ ಹಿಮಾಯತ್ ಸಾಗರ 1927ರಲ್ಲಿ ಸಿದ್ಧವಾದವು. ನದಿಯ ಭಯ ತಗ್ಗಿದ ದಂಡೆಗಳ ಮೇಲೆ ಹೈಕೋರ್ಟು, ಉಸ್ಮಾನಿಯಾ ಆಸ್ಪತ್ರೆ ಮೊದಲಾದ ದೊಡ್ಡ ಕಟ್ಟಡಗಳು ಎದ್ದವು. ಅವುಗಳ ಸಾಲಿಗೆ ಕೊನೆಯಲ್ಲಿ ಬಂದು ಸೇರಿದುದು ಗ್ರಂಥಾಲಯ. ಪುಸ್ತಕಗಳು ದಂಡೆಯಲ್ಲಿ ನಿಶ್ಚಿಂತೆಯಾಗಿ ಕುಳಿತುದರಲ್ಲಿ ಕನ್ನಡಿಗನೊಬ್ಬನ ಲೆಕ್ಕಾಚಾರವೂ ಇದೆ ಎಂಬುದು ನಾವು ನೆನೆಯತಕ್ಕ ಸಂಗತಿ.

ಇನ್ನು ಕಟ್ಟಡ. ಮುಂಭಾಗದ ದೊಡ್ಡ ಕಮಾನು ಕೇವಲ ಶೋಭೆಗೆಂದು ತಿಳಿಯಬಾರದು. ಕಮಾನು ಮೇಲಿನ ಭಾರವನ್ನು ಎರಡು ಪಕ್ಕದ ಗೋಡೆಗಳಿಗೆ ಹಂಚಿಬಿಡುತ್ತದೆ. ಅದರಿಂದ ನಡುವೆ ಕಂಬವಿಲ್ಲದೆ ಅಗಲವಾದ ಬಾಗಿಲು ದೊರೆಯುತ್ತದೆ. ಒಳಗಿನ ಓದುವ ಸಭಾಂಗಣದ ಮಾಳಿಗೆ ಬಹಳ ಎತ್ತರ. ಬಿಸಿ ಗಾಳಿ ಮೇಲಕ್ಕೇರುವುದರಿಂದ ಓದುವವನ ತಲೆಯ ಮಟ್ಟದಲ್ಲಿ ಸೆಕೆ ಕಡಿಮೆ. ದಪ್ಪ ಗೋಡೆ ಹಗಲಿನ ಕಾವನ್ನು ತಟ್ಟನೆ ಒಳಗೆ ಬಿಡುವುದಿಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ತಗಡಿನ ಮಾಡಿನ ಕೋಣೆಯಲ್ಲಿ ಬೇಯುವ ನಮ್ಮ ಗೆಳೆಯರಿಗೆ ಈ ಮಾತಿನ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಗೆಳೆಯರ ಪ್ರಶ್ನೆಗೆ ಬರೋಣ. ಇದು ದೊರೆಯ ಹೆಸರಿನಲ್ಲಿ ಹುಟ್ಟಿದ್ದರೂ ದೊರೆಯ ಸ್ವತ್ತಾಗಿ ಉಳಿಯಲಿಲ್ಲ. 1955ರಲ್ಲಿ ಹೈದರಾಬಾದು ಸಂಸ್ಥಾನದ ಪ್ರದೇಶಕ್ಕೆ ಸಾರ್ವಜನಿಕ ಗ್ರಂಥಾಲಯ ಕಾನೂನು ಬಂದಿತು. ಆಸಫಿಯಾ ರಾಜ್ಯದ ಕೇಂದ್ರ ಗ್ರಂಥಾಲಯವಾಯಿತು. ಆಗಿನ್ನೂ ಕಲಬುರ್ಗಿ, ರಾಯಚೂರು, ಬೀದರಗಳಿಗೆ ಹೈದರಾಬಾದೇ ರಾಜಧಾನಿ. 1956ರ ನವೆಂಬರ್ 1ರಂದು ನಮ್ಮ ಜಿಲ್ಲೆಗಳು ಮೈಸೂರು ರಾಜ್ಯ ಸೇರಿದವು. ಗ್ರಂಥಾಲಯ ಇಲ್ಲಿಯೇ ಉಳಿಯಿತು. ಆ ಗೋಡೆಗಳಿಗೆ ಸುರಿದ ಹಣದಲ್ಲಿ ನಮ್ಮ ಅಜ್ಜಂದಿರು ಕಟ್ಟಿದ ಕಂದಾಯವೂ ಸೇರಿದೆ.

ಅಷ್ಟೇ ಅಲ್ಲ. ಈ ನಗರದಲ್ಲಿ ಮನೆ ತೆರಿಗೆಯ ಜೊತೆಗೆ ಗ್ರಂಥಾಲಯದ ಕರವನ್ನೂ ವಸೂಲು ಮಾಡುತ್ತಾರೆ. ನಮ್ಮ ಓಣಿಗಳ ಶಾಖಾ ವಾಚನಾಲಯಗಳು ನಡೆಯುವುದು ಅದರ ಆಧಾರದ ಮೇಲೆ. ಕರ ಕಟ್ಟುವವರು ಮನೆಯೊಡೆಯರು, ನಿಜ. ಆದರೆ ಅವರು ಅದನ್ನು ಎಲ್ಲಿಂದ ತರುತ್ತಾರೆ? ತಿಂಗಳ ಮೊದಲ ವಾರ ನಾವು ಎಣಿಸಿಕೊಡುವ ಬಾಡಿಗೆಯಿಂದಲ್ಲವೆ? ಆದುದರಿಂದ ಸಂಕೋಚಪಡಬೇಕಾದ ಕಾರಣವೇ ಇಲ್ಲ. ಕೂಲಿಯವನಾಗಲಿ ಗುಮಾಸ್ತನಾಗಲಿ ಅಲ್ಲಿ ಅತಿಥಿಯಲ್ಲ, ಹಕ್ಕುದಾರ.

ಉರ್ದು, ತೆಲುಗು, ಇಂಗ್ಲಿಷ್ ಪುಸ್ತಕಗಳ ಜೊತೆ ಕನ್ನಡ ಪುಸ್ತಕಗಳೂ ಅಲ್ಲಿವೆ. ಆದರೆ ಯಾರೂ ಕೇಳದ ಪುಸ್ತಕ ಮೂಲೆ ಸೇರುತ್ತದೆ. ಕೇಳುವವರಿಲ್ಲದ ಭಾಷೆಗೆ ಹೊಸ ಪುಸ್ತಕ ಕೊಳ್ಳುವ ಮಾತೇ ಏಳುವುದಿಲ್ಲ. ಇದರಲ್ಲಿ ಗ್ರಂಥಪಾಲಕರ ತಪ್ಪಿಲ್ಲ. ನಾವು ಹೋಗಬೇಕು, ಕನ್ನಡವೆಂದು ಬಾಯಿಬಿಟ್ಟು ಕೇಳಬೇಕು, ಓದುಗರ ದಾಖಲೆಯಲ್ಲಿ ನಮ್ಮ ಹೆಸರು ಬರಬೇಕು.

ನಮ್ಮ ಈ ವಾಚನಾಲಯ ಚಿಕ್ಕದು. ಇಲ್ಲಿ ಸಿಗದ ಪುಸ್ತಕ ಅಲ್ಲಿ ಸಿಗಬಹುದು. ಮುಂದಿನ ಸಲ ಊರಿನ ಬಸ್ಸಿಗೆ ಹೊರಟಾಗ ಒಂದು ಗಂಟೆ ಮೊದಲೇ ಮನೆ ಬಿಡಿ. ಕಮಾನಿನ ಕೆಳಗೆ ಹಾದು ಒಳಗೆ ಹೋಗಿ ಕುಳಿತುಕೊಳ್ಳಿ. ಜೊತೆಗೆ ಊರಿನಿಂದ ಹೊಸದಾಗಿ ಬಂದ ಒಬ್ಬ ಹುಡುಗನನ್ನು ಕರೆದೊಯ್ದರೆ ಇನ್ನೂ ಲೇಸು.