ಕೊಟ್ಟಿಗೆ ಗೋಡೆಯ ಕ್ಯೂಆರ್ ಕೋಡ್: ಅಂಟಿಸುವ ಮುಂಚೆ ಒಂದು ಮಾತು



ಕ್ಯೂಆರ್ ಕೋಡ್ ಈಗ ಯಾರಿಗೂ ಹೊಸತಲ್ಲ. ಸಂತೆಯಲ್ಲಿ ಸೊಪ್ಪು ಮಾರುವವರ ತಕ್ಕಡಿ ಪಕ್ಕದಲ್ಲೂ ಒಂದು ಇರುತ್ತದೆ. ಆದರೆ ಅದನ್ನು ನಾವೇ ಮಾಡಿ, ಪ್ರಿಂಟ್ ಹಾಕಿಸಿ, ಗೋಡೆಗೆ ಅಂಟಿಸುವಾಗ ಏನು ನೋಡಿಕೊಳ್ಳಬೇಕು ಎಂಬುದು ನನಗೂ ತಡವಾಗಿಯೇ ತಿಳಿಯಿತು. ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ.

ಒಂದು ಶಿಬಿರದಲ್ಲಿ ಸುಮಾರು ಮೂವತ್ತು ಮನೆಗಳ ಹಸುಗಳಿಗೆ ನಾನು ಕಾರ್ಡು ಮಾಡಿಕೊಟ್ಟಿದ್ದೆ. ಕೋಡ್ ಸ್ಕ್ಯಾನ್ ಮಾಡಿದರೆ ಹಸುವಿನ ಕಿವಿಯೋಲೆಯ 12 ಅಂಕಿಯ ಸಂಖ್ಯೆ, ಕರು ಹಾಕಿದ ದಿನ, ಕೃತಕ ಗರ್ಭಧಾರಣೆ ಮಾಡಿಸಿದ ದಿನ, ಲಸಿಕೆ, ಕೊಟ್ಟ ಔಷಧ ಎಲ್ಲವೂ ಕಾಣಬೇಕು. ಕಾರ್ಡು ಚೆನ್ನಾಗಿ ಬಂದಿತ್ತು, ಎಲ್ಲರೂ ಖುಷಿಯಿಂದ ಗೋದಲಿಯ ಮೇಲೆ ತೂಗುಹಾಕಿದರು. ಕೆಲವು ತಿಂಗಳ ನಂತರ ಒಂದು ರಾತ್ರಿ ಅದರಲ್ಲೊಂದು ಮನೆಯಿಂದ ಕರೆ ಬಂತು. ಹಸುವಿಗೆ ಜ್ವರ, ಕೆಚ್ಚಲು ಬಾವು, ಮೇವು ಮುಟ್ಟುತ್ತಿಲ್ಲ. ಹಸು ನೋಡಿಕೊಳ್ಳುವ ಸೊಸೆ ತವರಿನ ಜಾತ್ರೆಗೆ ಹೋಗಿದ್ದರು, ಫೋನು ಸಿಗುತ್ತಿರಲಿಲ್ಲ. ಹಸು ಎಷ್ಟು ತಿಂಗಳ ಗಬ್ಬ ಎಂದು ಕೇಳಿದರೆ ಅತ್ತೆಗೆ ಗೊತ್ತಿಲ್ಲ. "ನೀವೇ ಕೊಟ್ಟ ಕಾರ್ಡು ಐತಲ್ಲ ಡಾಕ್ಟ್ರೇ, ಅದ್ರಲ್ಲೇ ಎಲ್ಲಾ ಬರುತ್ತಂತಲ್ಲ" ಎಂದು ಗೋಡೆ ತೋರಿಸಿದರು.

ಸ್ಕ್ಯಾನ್ ಮಾಡಿದೆ. ಹಸುವಿನ ವಿವರ ಬರಲಿಲ್ಲ. ಅವಧಿ ಮುಗಿದಿದೆ, ಮುಂದುವರಿಸಲು ಹಣ ಕಟ್ಟಿ ಎಂಬ ಇಂಗ್ಲಿಷ್ ಪುಟ ಬಂತು.

ಗಬ್ಬದ ವಿಷಯ ಕೇಳುವುದು ಸುಮ್ಮನೆ ಅಲ್ಲ. ಕೆಲವು ಇಂಜೆಕ್ಷನ್‌ಗಳನ್ನು ಗಬ್ಬದ ಹಸುವಿಗೆ ಕೊಟ್ಟರೆ ಅದು ಕಂದು ಹಾಕುತ್ತದೆ. ಆ ರಾತ್ರಿ ಕೈ ಹಾಕಿ ಪರೀಕ್ಷೆ ಮಾಡಿ, ಗಬ್ಬ ಖಚಿತಪಡಿಸಿಕೊಂಡು ಔಷಧ ಕೊಟ್ಟೆ, ಹಸುವಿಗೆ ತೊಂದರೆಯಾಗಲಿಲ್ಲ. ಆದರೆ ಹಿಂದಿನ ಸಲ ಕೆಚ್ಚಲು ಬಾವಿಗೆ ಯಾವ ಔಷಧ ಕೊಟ್ಟಿದ್ದರು ಎಂಬುದು ಮಾತ್ರ ಬೆಳಗ್ಗೆ ಸೊಸೆ ಫೋನಿಗೆ ಸಿಗುವ ತನಕ ತಿಳಿಯಲಿಲ್ಲ.

ತಪ್ಪಾಗಿದ್ದು ಎಲ್ಲಿ? ಕ್ಯೂಆರ್ ಕೋಡನ್ನು ಜಪಾನಿನಲ್ಲಿ ಮಸಹಿರೊ ಹಾರಾ ಎಂಬ ಎಂಜಿನಿಯರ್ ಮತ್ತು ಅವರ ತಂಡದವರು 1994ರಲ್ಲಿ ತಯಾರಿಸಿದರು, ಕಾರಿನ ಬಿಡಿಭಾಗಗಳ ಲೆಕ್ಕ ಇಡುವುದಕ್ಕೆ. ಅದನ್ನು ಯಾರು ಬೇಕಾದರೂ ಬಳಸಬಹುದು, ಕೋಡಿಗೆ ದುಡ್ಡು ಕೊಡಬೇಕಿಲ್ಲ. ಕೋಡಿನೊಳಗೆ ಬರೆದಿರುವ ಅಕ್ಷರಗಳಿಗೆ ಅವಧಿ ಎಂಬುದೂ ಇಲ್ಲ. ಹಾಗಾದರೆ ನನ್ನ ಕೋಡ್ ಸತ್ತಿದ್ದು ಹೇಗೆಂದರೆ, ನಾನು ಬಳಸಿದ ಉಚಿತ ಜಾಲತಾಣ ಕೋಡಿನೊಳಗೆ ನನ್ನ ವಿಳಾಸದ ಬದಲು ತನ್ನ ವಿಳಾಸ ಬರೆದಿತ್ತು. ನಮ್ಮ ಮನೆಗೆ ಬರುವ ಕಾಗದಕ್ಕೆ ಬೇರೆಯವರ ಮನೆಯ ಕೇರಾಫ್ ವಿಳಾಸ ಕೊಟ್ಟಂತೆ. ಅವರು ಬಾಗಿಲು ಹಾಕಿಕೊಂಡರೆ ನಮಗೆ ಕಾಗದವಿಲ್ಲ. ಇಂಥದ್ದಕ್ಕೆ 'ಡೈನಾಮಿಕ್' ಎನ್ನುತ್ತಾರೆ. ವಿಷಯ ಅಥವಾ ವಿಳಾಸ ನೇರವಾಗಿ ಕೋಡಿನಲ್ಲೇ ಇದ್ದರೆ ಅದು 'ಸ್ಟಾಟಿಕ್'. ಕೋಡ್ ಮಾಡುವ ಮಕ್ಕಳಿಗೋ ಪ್ರಿಂಟ್ ಅಂಗಡಿಯವರಿಗೋ "ಸ್ಟಾಟಿಕ್ ಮಾಡಿಕೊಡಿ" ಎಂದು ಬಾಯಿಬಿಟ್ಟು ಹೇಳಿ. ಪರೀಕ್ಷಿಸುವುದೂ ಸುಲಭ: ಸ್ಕ್ಯಾನ್ ಮಾಡಿದ ಕೂಡಲೇ ಹೆಚ್ಚಿನ ಫೋನುಗಳು ಪುಟ ತೆರೆಯುವ ಮೊದಲು ವಿಳಾಸ ತೋರಿಸುತ್ತವೆ. ಅಲ್ಲಿ ಅಪರಿಚಿತ ಹೆಸರು ಕಂಡರೆ ಅದು ಕೇರಾಫ್ ಎಂದು ತಿಳಿಯಿರಿ.

ಹಸುವಿನ ವಿವರ ಆಗಾಗ ಬದಲಾಗುತ್ತದಲ್ಲ, ಪ್ರತಿ ಸಲ ಹೊಸ ಪ್ರಿಂಟ್ ಹಾಕಿಸಬೇಕೇ ಎಂದು ನೀವು ಕೇಳಬಹುದು. ಬೇಕಿಲ್ಲ. ಗೂಗಲ್ ಶೀಟ್‌ನಲ್ಲಿ ಹಸುವಿಗೊಂದು ಪುಟ ಮಾಡಿ. ಹಂಚಿಕೊಳ್ಳುವ ಆಯ್ಕೆಯಲ್ಲಿ 'ಲಿಂಕ್ ಇರುವವರು ನೋಡಬಹುದು' ಎಂದಷ್ಟೇ ಇಡಿ, ತಿದ್ದುವ ಅಧಿಕಾರ ಬೇಡ. ಆ ಲಿಂಕನ್ನು ಫೋನಿನ ಕ್ರೋಮ್‌ನಲ್ಲಿ ತೆರೆದು 'ಶೇರ್' ಒತ್ತಿದರೆ ಅಲ್ಲೇ ಕ್ಯೂಆರ್ ಕೋಡ್ ಮಾಡುವ ಆಯ್ಕೆ ಇದೆ. ಪುಟದಲ್ಲಿ ನೀವು ಏನೇ ಸೇರಿಸಿದರೂ ಲಿಂಕ್ ಅದೇ ಇರುತ್ತದೆ, ಗೋಡೆಯ ಕೋಡೂ ಅದೇ. ಮಗಳ ಕಾಲೇಜಿನ ಇಮೇಲ್‌ನಲ್ಲಿ ಮಾತ್ರ ಮಾಡಿಸಬೇಡಿ. ಓದು ಮುಗಿದ ಮೇಲೆ ಆ ಖಾತೆ ಮುಚ್ಚಿದರೆ ಮತ್ತೆ ಕೇರಾಫ್ ಕಥೆಯೇ. ಕೊಟ್ಟಿಗೆಗೆ ಬಂದವರೆಲ್ಲ ನೋಡಬಹುದಾದ ಪುಟ ಅದು, ಹಾಗಾಗಿ ನಿಮ್ಮ ಆಧಾರ್ ಸಂಖ್ಯೆ, ಪಾಸ್‌ಬುಕ್ ವಿವರ ಅದರಲ್ಲಿ ಬೇಡ.

ನೆಟ್‌ವರ್ಕ್ ಸಿಗದ ಕೊಟ್ಟಿಗೆಗಳೂ ಬಹಳ ಇವೆ. ಅಲ್ಲಿ ಲಿಂಕಿನ ಬದಲು ವಿಷಯವನ್ನೇ ಕೋಡಿನೊಳಗೆ ಬರೆಸಬಹುದು, ಅದಕ್ಕೆ ಇಂಟರ್ನೆಟ್ ಬೇಕಿಲ್ಲ. ಆದರೆ ಇಂಗ್ಲಿಷಿನ ಒಂದು ಅಕ್ಷರಕ್ಕಿಂತ ಕನ್ನಡದ ಅಕ್ಷರ ಸಾಮಾನ್ಯವಾಗಿ ಮೂರು ಪಟ್ಟು ಜಾಗ ಹಿಡಿಯುತ್ತದೆ, ಒತ್ತಕ್ಷರ ಇನ್ನೂ ಹೆಚ್ಚು. ಉದ್ದ ಬರೆದರೆ ಚುಕ್ಕಿಗಳು ಸಾಸಿವೆಯಷ್ಟು ಸಣ್ಣದಾಗಿ ಫೋನು ಓದಲು ತಡವರಿಸುತ್ತದೆ. ಕಿವಿಯೋಲೆ ಸಂಖ್ಯೆ, ತಳಿ, ಹುಟ್ಟಿದ ವರ್ಷ, ಫೋನ್ ನಂಬರ್, ಇಷ್ಟು ಸಾಕು. ಉಳಿದದ್ದಕ್ಕೆ ಪಕ್ಕದಲ್ಲಿ ಸೀಮೆಸುಣ್ಣದಲ್ಲಿ ಬರೆದ ದಿನಾಂಕವೇ ವಾಸಿ. ನಾನಂತೂ ಈಗ ಎರಡನ್ನೂ ಮಾಡಿಸುತ್ತೇನೆ.

ಪ್ರಿಂಟ್ ವಿಷಯ. ಎಷ್ಟು ದೂರದಿಂದ ಸ್ಕ್ಯಾನ್ ಮಾಡುತ್ತೀರೋ ಅದರ ಹತ್ತನೇ ಒಂದು ಭಾಗದಷ್ಟು ಅಗಲ ಇರಲಿ. ಗೋದಲಿಯ ಈಚೆ ನಿಂತು ಮೂರು ಅಡಿ ದೂರದಿಂದ ಹಿಡಿಯುವುದಾದರೆ ನಾಲ್ಕು ಇಂಚು, ತುಪ್ಪದ ಡಬ್ಬಿಯ ಲೇಬಲ್ಲಿಗೆ ಒಂದು ಇಂಚು ಸಾಕು. ಬಿಳಿಯ ಮೇಲೆ ಕಪ್ಪೇ ಇರಲಿ. ಸುತ್ತಲಿನ ಬಿಳಿ ಅಂಚನ್ನು ಚೆಂದಕ್ಕೆಂದು ಕತ್ತರಿಸುವುದಾಗಲಿ, ಅಲ್ಲಿ ಹೂಬಳ್ಳಿ ಬಿಡಿಸುವುದಾಗಲಿ ಬೇಡ. ಮೂರು ಮೂಲೆಗಳಲ್ಲಿರುವ ದೊಡ್ಡ ಚೌಕಗಳಿಂದಲೇ ಫೋನು ಕೋಡಿನ ಗುರುತು ಹಿಡಿಯುವುದು, ಅವು ಮುಚ್ಚಬಾರದು. ಉಳಿದ ಭಾಗಕ್ಕೆ ಸಗಣಿ, ಸುಣ್ಣ ಸ್ವಲ್ಪ ಸಿಡಿದರೆ ಚಿಂತೆಯಿಲ್ಲ. ಕೋಡ್ ಮಾಡುವಾಗ 'ಎಚ್' ಮಟ್ಟ ಆರಿಸಿದರೆ ಸುಮಾರು 30%ರಷ್ಟು ಹಾಳಾದರೂ ಓದುತ್ತದೆ. ಮಿರುಗುವ ಲ್ಯಾಮಿನೇಶನ್ ಟಾರ್ಚ್ ಬೆಳಕಿಗೆ ಹೊಳೆದು ತೊಂದರೆ ಕೊಡುತ್ತದೆ, ಹೊಳಪಿಲ್ಲದ್ದನ್ನು ಕೇಳಿ. ಪ್ರಿಂಟ್ ಅಂಗಡಿಗೆ ವಾಟ್ಸಾಪಿನಲ್ಲಿ ಕಳಿಸುವಾಗ ಫೋಟೋ ಬದಲು ಡಾಕ್ಯುಮೆಂಟ್ ಆಗಿ ಕಳಿಸಿ, ಮಸುಕಾಗುವುದಿಲ್ಲ. ಮೊದಲು ಒಂದೇ ಪ್ರತಿ ತೆಗೆಸಿ, ಎರಡು ಬೇರೆ ಫೋನುಗಳಲ್ಲಿ ಸ್ಕ್ಯಾನ್ ಮಾಡಿ ನೋಡಿ. ಮೂವತ್ತೂ ಒಟ್ಟಿಗೆ ಬೇಡ.

ತುಪ್ಪ, ಗೊಬ್ಬರ ಮಾರುವವರಿಗೆ ಹಣ ಪಡೆಯುವ ಕೋಡ್ ನಿಮ್ಮ ಯುಪಿಐ ಆ್ಯಪಿನಲ್ಲೇ ಸಿಗುತ್ತದೆ, ಬೇರೆ ಜಾಲತಾಣಕ್ಕೆ ಹೋಗಬೇಡಿ. ಹೊರಗೆ ಅಂಟಿಸಿದ್ದರೆ ಅದರ ಮೇಲೆ ಬೇರೆಯವರು ತಮ್ಮ ಕೋಡ್ ಅಂಟಿಸಿ ಹೋಗುವುದೂ ಉಂಟು. ಆಗಾಗ ಮನೆಯವರ ಫೋನಿನಿಂದ ಸ್ಕ್ಯಾನ್ ಮಾಡಿ ನಿಮ್ಮ ಹೆಸರೇ ಬರುತ್ತದೆಯೇ ನೋಡಿ.

ಇನ್ನೊಂದು ವಿಷಯ ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿ. ಹಸು ಮಾರಾಟಕ್ಕಿದೆ ಎಂದು ಫೋನಿನಲ್ಲಿ ಹಾಕಿದ ಕೂಡಲೇ "ಹಸು ಇಷ್ಟವಾಯಿತು, ಮುಂಗಡ ಕಳಿಸುತ್ತೇನೆ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ" ಎಂದು ಕರೆ ಬರುತ್ತದೆ. ಚೌಕಾಸಿಯನ್ನೂ ಮಾಡುವುದಿಲ್ಲ, ಹಸುವನ್ನು ನೋಡಲೂ ಬರುವುದಿಲ್ಲ. ಕೆಚ್ಚಲು ಮುಟ್ಟಿ ನೋಡದೆ ಹಸು ಕೊಳ್ಳುವವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಹಣ ಪಡೆಯಲು ನೀವು ಏನನ್ನೂ ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಹಾಕಬೇಕಿಲ್ಲ. ಪಿನ್ ಕೇಳಿತು ಎಂದರೆ ನಿಮ್ಮ ಖಾತೆಯಿಂದ ಹಣ ಹೋಗುತ್ತಿದೆ. ಆಕಸ್ಮಾತ್ ಹೋಗಿಬಿಟ್ಟರೆ ಮನೆಯವರು ಬೈಯುತ್ತಾರೆಂದು ಮುಚ್ಚಿಡಬೇಡಿ, ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಎಷ್ಟು ಬೇಗ ತಿಳಿಸಿದರೆ ಹಣ ತಡೆಯುವ ಅವಕಾಶ ಅಷ್ಟು ಹೆಚ್ಚು.

ಆ ಶಿಬಿರದಲ್ಲಿ ನಾನು ಕೊಟ್ಟ ಕಾರ್ಡು ಇನ್ನೂ ನಿಮ್ಮ ಗೋಡೆಯ ಮೇಲಿದ್ದರೆ ಬೆಳಗ್ಗೆ ಹಾಲು ಹಾಕಲು ಬರುವಾಗ ಡೇರಿಯಲ್ಲಿ ಕೊಟ್ಟುಬಿಡಿ, ಕಾರ್ಯದರ್ಶಿಯವರಿಗೆ ಹೇಳಿದ್ದೇನೆ. ಹಿಂಬದಿಯಲ್ಲಿ ಹಸುವಿನ ಕಿವಿಯೋಲೆ ಸಂಖ್ಯೆ ಮತ್ತು ಕೊನೆಯದಾಗಿ ಕೃತಕ ಗರ್ಭಧಾರಣೆ ಮಾಡಿಸಿದ ದಿನ ಬರೆದಿರಲಿ. ಬದಲಿ ಕಾರ್ಡನ್ನು ನಾನೇ ತಂದು, ನಿಮ್ಮ ಎದುರಿಗೇ ಸ್ಕ್ಯಾನ್ ಮಾಡಿ ತೋರಿಸಿ ಕೊಡುತ್ತೇನೆ.