ಮಾತಿನ ಬೇಲಿ

ಕಿರಿಕಿರಿಗೆ ಅಳತೆಯುಂಟೇ? ನೆರೆಮನೆಯ ರೇಡಿಯೋ ತುಸು ಗಟ್ಟಿಯಾದರೆ ಒಬ್ಬರಿಗೆ ಕಿರಿಕಿರಿ. ಅದೇ ಹಾಡಿಗಾಗಿ ಕಿಟಕಿ ತೆರೆದು ಕೂರುವವರೂ ಅದೇ ಬೀದಿಯಲ್ಲಿ ಇರುತ್ತಾರೆ. ಹೀಗೆ ಆಳಿಗೊಂದು ಅರ್ಥ ಕೊಡುವ ಶಬ್ದವನ್ನು ಶಾಸನದೊಳಗೆ ತಂದಿಟ್ಟು, ಅದರ ಬೆನ್ನಿಗೆ ಮೂರು ವರ್ಷಗಳವರೆಗಿನ ಸೆರೆವಾಸವನ್ನು ನಿಲ್ಲಿಸಿದರೆ ಏನಾಗುತ್ತದೆ ಎಂಬುದನ್ನು ನಮ್ಮ ದೇಶ ಐದು ವರ್ಷಕ್ಕೂ ಹೆಚ್ಚು ಕಾಲ ಅನುಭವಿಸಿ ನೋಡಿದೆ.

ಮಾಹಿತಿ ತಂತ್ರಜ್ಞಾನ ಶಾಸನ ಬಂದದ್ದು ೨೦೦೦ದಲ್ಲಿ. ೨೦೦೮ರ ತಿದ್ದುಪಡಿಯಿಂದ ಅದಕ್ಕೆ ೬೬-ಎ ಎಂಬ ಕಲಮು ಸೇರಿ, ಮರುವರ್ಷ ಜಾರಿಗೆ ಬಂದಿತು. ಕಂಪ್ಯೂಟರ್ ಅಥವಾ ಮೊಬೈಲಿನ ಮೂಲಕ ‘ತೀರಾ ಆಕ್ಷೇಪಾರ್ಹ’ವಾದದ್ದನ್ನು ಕಳಿಸುವುದು, ಕಿರಿಕಿರಿ ಅಥವಾ ಅನಾನುಕೂಲ ಮಾಡುವ ಉದ್ದೇಶದಿಂದ ಸಂದೇಶ ಕಳಿಸುವುದು, ಇವೆಲ್ಲ ಅದರ ಬಲೆಗೆ ಬಿದ್ದವು. ೨೦೧೨ರ ಏಪ್ರಿಲ್‌ನಲ್ಲಿ ಕೋಲ್ಕತ್ತದ ಪ್ರಾಧ್ಯಾಪಕರೊಬ್ಬರು ಮುಖ್ಯಮಂತ್ರಿಯವರ ಕುರಿತ ವ್ಯಂಗ್ಯಚಿತ್ರವೊಂದನ್ನು ಪರಿಚಿತರಿಗೆ ರವಾನಿಸಿ ಪೊಲೀಸರ ವಶವಾದರು. ಅದೇ ನವೆಂಬರಿನಲ್ಲಿ ಬಾಳ ಠಾಕರೆಯವರು ತೀರಿಕೊಂಡಾಗ ಮುಂಬಯಿ ಸ್ತಬ್ಧವಾಯಿತಷ್ಟೆ. ಅದು ಸರಿಯೇ ಎಂದು ಪಾಲ್‌ಘರಿನ ಯುವತಿಯೊಬ್ಬಳು ಫೇಸ್‌ಬುಕ್ಕಿನಲ್ಲಿ ಪ್ರಶ್ನಿಸಿದಳು. ಅವಳನ್ನು ಬಂಧಿಸಿದರು. ಅವಳ ಗೆಳತಿಯನ್ನೂ ಬಂಧಿಸಿದರು. ಗೆಳತಿ ಬರೆದದ್ದು ಒಂದಕ್ಷರವೂ ಇಲ್ಲ. ಆ ಮಾತಿಗೆ ಮೆಚ್ಚುಗೆಯ ಗುಂಡಿ ಒತ್ತಿದ್ದಳು, ಅಷ್ಟೆ.

೨೦೧೫ರ ಮಾರ್ಚ್ ೨೪ರಂದು ಸರ್ವೋಚ್ಚ ನ್ಯಾಯಾಲಯ ಈ ಕಲಮನ್ನು ಪೂರ್ತಿಯಾಗಿ ರದ್ದುಪಡಿಸಿತು. ನ್ಯಾಯಮೂರ್ತಿ ಚೆಲಮೇಶ್ವರ್ ಮತ್ತು ನ್ಯಾಯಮೂರ್ತಿ ನಾರಿಮನ್ ಅವರ ಪೀಠ ಅಂದು ಒಂದು ಉಪಯುಕ್ತವಾದ ವಿಂಗಡಣೆಯನ್ನು ಮಾಡಿತು. ಒಂದು ವಿಷಯವನ್ನು ಚರ್ಚಿಸುವುದು ಬೇರೆ, ಅದರ ಪರವಾಗಿ ವಾದಿಸುವುದು ಬೇರೆ, ದುಷ್ಕೃತ್ಯಕ್ಕೆ ಜನರನ್ನು ಕೆರಳಿಸುವುದು ಬೇರೆ. ಮೊದಲೆರಡು ಎಷ್ಟೇ ಅಪ್ರಿಯವಾದರೂ ವಾಕ್‌ಸ್ವಾತಂತ್ರ್ಯದ ತಿರುಳು. ಮೂರನೆಯದಕ್ಕೆ ಬಂದಾಗ ಮಾತ್ರ ಶಾಸನ ಕೈಹಾಕಬಹುದು. ಬೇಲಿ ಬೇಡವೆಂದು ನ್ಯಾಯಾಲಯ ಹೇಳಲಿಲ್ಲ. ಬೇಲಿ ಎಲ್ಲಿದೆ ಎಂಬುದು ನಡೆಯುವವನ ಕಣ್ಣಿಗೆ ಕಾಣಬೇಕೆಂದಿತು.

ಬೇಲಿಯಂತೂ ಹಳೆಯದೇ. ಸಂವಿಧಾನ ಜಾರಿಗೆ ಬಂದ ನಾಲ್ಕೇ ತಿಂಗಳಲ್ಲಿ, ೧೯೫೦ರ ಮೇ ತಿಂಗಳಿನಲ್ಲಿ, ಎರಡು ವಾರಪತ್ರಿಕೆಗಳ ವ್ಯಾಜ್ಯ ಒಂದೇ ದಿನ ತೀರ್ಮಾನವಾದವು. ಎಡಪಂಥದ ‘ಕ್ರಾಸ್ ರೋಡ್ಸ್’ ಮದರಾಸು ಪ್ರಾಂತಕ್ಕೆ ಬರಕೂಡದೆಂದು ಅಲ್ಲಿನ ಸರ್ಕಾರ ತಡೆದಿತ್ತು. ಬಲಪಂಥದ ‘ಆರ್ಗನೈಸರ್’ ಅಚ್ಚಾಗುವ ಮೊದಲೇ ತನ್ನ ಬರಹವನ್ನು ತೋರಿಸಬೇಕೆಂದು ದೆಹಲಿಯ ಅಧಿಕಾರಿಗಳು ಆಜ್ಞೆ ಮಾಡಿದ್ದರು. ಎರಡೂ ಪತ್ರಿಕೆಗಳು ಗೆದ್ದವು. ಸರ್ಕಾರ ಸುಮ್ಮನಿರಲಿಲ್ಲ. ೧೯೫೧ರ ಮೊದಲನೆಯ ತಿದ್ದುಪಡಿಯಲ್ಲಿ ‘ಸಾರ್ವಜನಿಕ ಸುವ್ಯವಸ್ಥೆ’ ಎಂಬ ಕಾರಣ ನಿರ್ಬಂಧಗಳ ಪಟ್ಟಿಗೆ ಸೇರಿತು. ಆದರೆ ನಿರ್ಬಂಧ ‘ಯುಕ್ತ’ವಾಗಿರಬೇಕು ಎಂಬ ಮಾತೂ ಆಗಲೇ ಸೇರಿತು. ಆ ಒಂದು ಮಾತು ಮುಂದೆ ಪ್ರಜೆಗಳನ್ನು ಎಷ್ಟೋ ಬಾರಿ ಕಾಪಾಡಿದೆ.

ಈಗಿನ ತೊಡಕು ಮತ್ತೊಂದು ಬಗೆಯದು. ಬಂಧನವಾದರೆ ಊರಿಗೆಲ್ಲ ತಿಳಿಯುತ್ತದೆ. ಅಂತರಜಾಲದಲ್ಲಿ ಮಾತು ಸದ್ದಿಲ್ಲದೆ ಮಾಯವಾಗಬಲ್ಲದು. ಅದೇ ಶಾಸನದ ೬೯-ಎ ಕಲಮು, ರಾಷ್ಟ್ರದ ಭದ್ರತೆ ಮುಂತಾದ ಕಾರಣಗಳಿಗಾಗಿ ಬರಹವನ್ನು ತಡೆಹಿಡಿಯುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಡುತ್ತದೆ. ಕಾರಣವನ್ನು ಬರೆದಿಡಬೇಕು, ಸಮಿತಿ ಪರಿಶೀಲಿಸಬೇಕು ಎಂಬ ಕಟ್ಟುಪಾಡುಗಳಿವೆಯೆಂದೇ ೨೦೧೫ರಲ್ಲಿ ನ್ಯಾಯಾಲಯ ಅದನ್ನು ಉಳಿಸಿತು. ಆದರೆ ೨೦೦೯ರ ನಿಯಮಗಳಲ್ಲಿ ೧೬ನೆಯದು, ದೂರನ್ನೂ ಅದರ ಮೇಲಿನ ಕ್ರಮವನ್ನೂ ಗೋಪ್ಯವಾಗಿಡಬೇಕೆನ್ನುತ್ತದೆ. ಬರೆದಿಟ್ಟ ಕಾರಣ ಬರೆದವನ ಕೈಗೇ ಸಿಗದಿದ್ದರೆ ಅವನು ಯಾವುದಕ್ಕೆ ಉತ್ತರ ಕೊಡಬೇಕು?

ನಮ್ಮ ಬೆಂಗಳೂರಿನ ಹೈಕೋರ್ಟಿನ ಮುಂದೆಯೇ ಈ ಪ್ರಶ್ನೆ ಎರಡು ಸಲ ಬಂದಿತು. ತಡೆಯಾಜ್ಞೆಗಳನ್ನು ಪ್ರಶ್ನಿಸಿದ ಟ್ವಿಟರ್ ಸಂಸ್ಥೆಯ ಅರ್ಜಿಯನ್ನು ೨೦೨೩ರ ಜೂನ್ ೩೦ರಂದು ನ್ಯಾಯಾಲಯ ತಳ್ಳಿಹಾಕಿ, ೫೦ ಲಕ್ಷ ರೂಪಾಯಿ ವೆಚ್ಚವನ್ನೂ ವಿಧಿಸಿತು. ಬರಹಗಳನ್ನು ತೆಗೆಸಲು ಸರ್ಕಾರ ರಚಿಸಿದ ‘ಸಹಯೋಗ್’ ಎಂಬ ಏರ್ಪಾಡನ್ನು, ಎಕ್ಸ್ ಎಂದು ಹೆಸರು ಬದಲಿಸಿಕೊಂಡ ಅದೇ ಸಂಸ್ಥೆ ಪ್ರಶ್ನಿಸಿದಾಗಲೂ, ೨೦೨೫ರ ಸೆಪ್ಟೆಂಬರ್ ೨೪ರಂದು ಅರ್ಜಿ ವಜಾ ಆಯಿತು. ವಾಕ್‌ಸ್ವಾತಂತ್ರ್ಯದ ಹಕ್ಕು ಪ್ರಜೆಗಳದು, ವಿದೇಶೀ ಕಂಪನಿ ಅದನ್ನು ಕೇಳಲಾಗದು ಎಂಬುದು ತೀರ್ಪಿನ ಒಂದು ಮುಖ್ಯಾಂಶ. ಸಂವಿಧಾನದ ಅಕ್ಷರವೂ ಹಾಗೆಯೇ ಇದೆ, ತಕರಾರಿಲ್ಲ. ಆದರೆ ಗಂಟು ಬೀಳುವುದು ಇಲ್ಲಿಯೇ. ಆಜ್ಞೆ ತಲುಪುವುದು ಕಂಪನಿಗೆ, ಅದಕ್ಕೆ ಹಕ್ಕಿಲ್ಲ. ಹಕ್ಕಿರುವುದು ಬರೆದ ಪ್ರಜೆಗೆ. ಅನೇಕ ವೇಳೆ ಆಜ್ಞೆಯ ಸುದ್ದಿ ಅವನಿಗೆ ತಲುಪುವುದೇ ಇಲ್ಲ.

ಸರ್ಕಾರವೊಂದನ್ನೇ ದೂರಿದರೆ ಅರ್ಧ ಕಥೆ ಹೇಳಿದಂತಾದೀತು. ‘ನಮ್ಮ ಮನಸ್ಸಿಗೆ ನೋವಾಯಿತು’ ಎಂದು ಹತ್ತು ಜನ ಕೂಡಿ ಬಾಯಿ ಮುಚ್ಚಿಸುವುದೂ ಉಂಟು. ಮಾತಿನಲ್ಲಿ ದಾಕ್ಷಿಣ್ಯ ಬೇಡವೆಂದಲ್ಲ. ‘ಅಂಗವಿಕಲರು’ ಎನ್ನುತ್ತಿದ್ದ ಕಡೆ ‘ವಿಕಲಚೇತನರು’ ಎಂಬ ಮಾತು ಬಳಕೆಗೆ ಬಂದದ್ದು ಒಳ್ಳೆಯದೇ ಆಯಿತು. ಅಂಥ ಸೌಜನ್ಯ ಬಳಕೆಯಿಂದ ಬೆಳೆಯಬೇಕು. ಹಳೆಯ ಶಬ್ದ ಬಾಯಿತಪ್ಪಿ ಬಂದ ಅಜ್ಜನ ಮೇಲೆ ಊರೇ ಎರಗಿದರೆ ಅದನ್ನು ಸೌಜನ್ಯವೆನ್ನಲಾಗದು. ಗಲಭೆಯ ಬೆದರಿಕೆಗೆ ಅಂಜಿ ಮಾತನ್ನು ಹತ್ತಿಕ್ಕುವುದು ಸರ್ಕಾರಕ್ಕೆ ಸಲ್ಲದು, ಮಾತನಾಡುವವನಿಗೆ ರಕ್ಷಣೆ ಕೊಡುವುದೇ ಅದರ ಕೆಲಸ ಎಂದು ೧೯೮೯ರಲ್ಲಿ, ತಮಿಳು ಚಲನಚಿತ್ರವೊಂದರ ವ್ಯಾಜ್ಯದಲ್ಲಿ, ಸರ್ವೋಚ್ಚ ನ್ಯಾಯಾಲಯ ಸ್ಪಷ್ಟವಾಗಿ ಹೇಳಿತ್ತು.

ಆದರೂ ೨೦೧೫ರ ಜನವರಿಯಲ್ಲಿ, ಅದೇ ತಮಿಳುನಾಡಿನಲ್ಲಿ, ಕಾದಂಬರಿಕಾರ ಪೆರುಮಾಳ್ ಮುರುಗನ್ ಅವರನ್ನು ಅಧಿಕಾರಿಗಳು ಶಾಂತಿಸಭೆಗೆ ಕರೆಸಿದರು. ಅವರ ‘ಮಾದೊರುಬಾಗನ್’ ಪ್ರಕಟವಾಗಿ ನಾಲ್ಕು ವರ್ಷವಾಗಿತ್ತು. ಕೋಪ ಬಂದದ್ದು ಆಗ. ಕ್ಷಮೆ ಕೇಳಿ, ಪ್ರತಿಗಳನ್ನು ಹಿಂದಕ್ಕೆ ಪಡೆಯುವುದಾಗಿ ಅವರಿಂದ ಒಪ್ಪಿಗೆ ಬರೆಸಿಕೊಂಡರು. ತಮ್ಮೊಳಗಿನ ಲೇಖಕ ಸತ್ತನೆಂದು ಮುರುಗನ್ ಫೇಸ್‌ಬುಕ್ಕಿನಲ್ಲಿ ಸಾರಿದರು. ಆ ಒಪ್ಪಂದಕ್ಕೆ ಕಟ್ಟುಬೀಳಬೇಕಾಗಿಲ್ಲವೆಂದು ಮದರಾಸು ಹೈಕೋರ್ಟು ೨೦೧೬ರ ಜುಲೈನಲ್ಲಿ ತೀರ್ಪಿತ್ತಿತು. ಮರುತಿಂಗಳು ಅವರ ಕವನಸಂಗ್ರಹವೊಂದು ಹೊರಬಂದಿತು. ಅದರಲ್ಲಿದ್ದವು ಆ ಮೌನದ ದಿನಗಳಲ್ಲಿ ಅವರು ಬರೆದಿಟ್ಟುಕೊಂಡಿದ್ದ ಕವಿತೆಗಳು.